ಕುಡಿಯದೆ ಇಟ್ಟ ಬಟ್ಟಲು

ಖಲೀಲ್ ಗುಡ್ಡಗಳ ದಕ್ಷಿಣಕ್ಕಿರುವ ನಮ್ಮ ಸೀಮೆಯ ಪುರಸಭೆಗಳಲ್ಲಿ ಅಧ್ಯಕ್ಷರಾಗಿ ಹೆಸರು ಮಾಡಿದವರು ಹಲವರಿದ್ದಾರೆ. ಆದರೆ ಕಾರ್ಯದರ್ಶಿಯ ಕುರ್ಚಿಯಲ್ಲಿ ಕುಳಿತು, ಗದ್ದಲವಿಲ್ಲದೆ, ಒಂದು ಊರಿನ ನಡವಳಿಕೆಯನ್ನೇ ತಿದ್ದಿದವರನ್ನು ಹುಡುಕಿದರೆ ದೇರ್ ರುಮ್ಮಾನಿನ ವಿದಾದ್ ಸವಾಲ್ಮೆ ಅವರ ಹೆಸರೇ ಮೊದಲು ನಾಲಿಗೆಗೆ ಬರುತ್ತದೆ. ಊರಿಡೀ ಗೌರವದಿಂದ ಸಿತ್ ವಿದಾದ್ ಎಂದು ಕರೆಯುವ ಈ ಹಿರಿಯರು ಮೂವತ್ತನಾಲ್ಕು ವರ್ಷಗಳ ಸೇವೆ ಮುಗಿಸಿ ಬರುವ ಒಂದನೇ ತಾರೀಖು ನಿವೃತ್ತರಾಗುತ್ತಿದ್ದಾರೆ. ಅವರ ಜಾಗಕ್ಕೆ ನನ್ನ ಹೆಸರು ಸೂಚಿತವಾಗಿದೆ. ಗುರುವಾರದ ಸಭೆಯಲ್ಲಿ ಅದು ಖಾಯಂ ಆಗಬೇಕು. ಅವರಿಗಾಗಿ ತರುತ್ತಿರುವ ಈ ಅಭಿನಂದನ ಗ್ರಂಥ ಅಚ್ಚಾಗುವ ಹೊತ್ತಿಗೆ ಆಗಿದೆಯೋ ಇಲ್ಲವೋ ಓದುಗರಿಗೆ ಗೊತ್ತಿರುತ್ತದೆ, ಬರೆಯುತ್ತಿರುವ ನನಗೆ ಗೊತ್ತಿಲ್ಲ. ಸಂಪಾದಕರು ಕೇಳಿದ್ದು ಅಭಿನಂದನ ಲೇಖನ. ಮೂರು ಸಲ ಬರೆದು ಮೂರು ಸಲ ಹರಿದಿದ್ದೇನೆ.

ಅವರು ಬೆರಳಚ್ಚುಗಾರ್ತಿಯಾಗಿ ಸೇರಿದಾಗ ನಮ್ಮದಿನ್ನೂ ಗ್ರಾಮಸಭೆ. ಎರಡು ಕೋಣೆ, ಒಂದು ಯಂತ್ರ, ಅದರಲ್ಲೂ ಎರಡು ಅಕ್ಷರ ಮೂಡುತ್ತಿರಲಿಲ್ಲ. ಸೇನೆ ರಸ್ತೆಗಳನ್ನೆಲ್ಲ ಮುಚ್ಚಿ ಕಚೇರಿಗೂ ಬೀಗ ಬಿದ್ದ ವರ್ಷಗಳಲ್ಲಿ ಅವರು ತಮ್ಮ ಮನೆಯ ಪಡಸಾಲೆಯನ್ನೇ ಕಚೇರಿ ಮಾಡಿಕೊಂಡು, ಊರಲ್ಲಿ ಹುಟ್ಟಿದ ಪ್ರತಿ ಮಗುವಿನ ಹೆಸರನ್ನು ಶಾಲೆಯ ಗೀಟಿನ ಪುಸ್ತಕದಲ್ಲಿ ಬರೆದಿಟ್ಟರು. ಆ ಪುಸ್ತಕ ಇಲ್ಲದಿದ್ದರೆ ನಮ್ಮೂರಿನ ಎಷ್ಟೋ ಮಕ್ಕಳು ಕಾಗದದ ಲೋಕದಲ್ಲಿ ಹುಟ್ಟಿಯೇ ಇರುತ್ತಿರಲಿಲ್ಲ. ನನ್ನ ಕೊನೆಯ ತಂಗಿಯ ಹೆಸರೂ ಅದರಲ್ಲಿದೆ. ಪಕ್ಕದಲ್ಲಿ ಸಣ್ಣಗೆ, 'ತಾಯಿಗೆ ಜ್ವರ, ಮತ್ತೆ ಹೋಗಿ ನೋಡಬೇಕು' ಎಂದು ಬರೆದಿದ್ದಾರೆ.

ಅವರು ಕಾರ್ಯದರ್ಶಿಯಾದ ಹೊತ್ತಿಗೆ ಊರು ಬೆಳೆದು ಪುರಸಭೆಯಾಗಿತ್ತು, ನೀರು ಮಾತ್ರ ಬೆಳೆದಿರಲಿಲ್ಲ. ಮುಖ್ಯ ಕೊಳವೆಯ ಕೀಲಿ ನಮ್ಮನ್ನು ಆಳುವ ಸೇನೆಯವರ ಬಳಿ, ನಮ್ಮ ಕೈಯಲ್ಲಿಲ್ಲ. ಬೇಸಿಗೆಯಲ್ಲಿ ಇಪ್ಪತ್ತು ದಿನಕ್ಕೊಮ್ಮೆ ಬಂದರೆ ಬಂತು. ಬಂದ ನೀರು ಮೇಲಿನ ಕೇರಿಗೆ ಮೊದಲೋ ಕೆಳಗಿನ ಕೇರಿಗೆ ಮೊದಲೋ ಎನ್ನುವ ಪಟ್ಟಿ ಅಂದಿನ ಅಧ್ಯಕ್ಷರ ಕೋಟಿನ ಜೇಬಿನಲ್ಲಿರುತ್ತಿತ್ತು. ಕಚೇರಿಯಲ್ಲಿ ಬಂದವರಿಗೆಲ್ಲ ಏಲಕ್ಕಿ ಹಾಕಿದ ಕಹಿ ಕಾಫಿ. ಕಾಫಿ ಕೊಟ್ಟರೆ ಮುಗಿಯಿತು: ಬಂದ ಹಿರಿಯ ಬಟ್ಟಲನ್ನು ತುಟಿಗೆ ಮುಟ್ಟಿಸದೆ ಕೆಳಗಿಟ್ಟು, ನನ್ನದೊಂದು ಮಾತಿದೆ, ನಡೆಸಿಕೊಟ್ಟರೆ ಕುಡಿಯುತ್ತೇನೆ ಎನ್ನುತ್ತಿದ್ದ. ಕುಡಿಯದ ಬಟ್ಟಲನ್ನು ಹಾಗೇ ಬಿಟ್ಟು ಅತಿಥಿ ಎದ್ದುಹೋದರೆ ಕಾಫಿ ಕೊಟ್ಟವನಿಗಾದ ಆ ಅವಮಾನ ಮೂರು ತಲೆಮಾರು ಕಳೆದರೂ ತೊಳೆದುಹೋಗುವುದಿಲ್ಲ. ಕೊಲೆಯ ಹಗೆಯನ್ನೇ ತಣಿಸಲು ನಮ್ಮ ಹಿರಿಯರು ಕಟ್ಟಿದ ಪದ್ಧತಿ ಅದು. ನಾವು ಅದನ್ನು ಕೊಳಾಯಿ ತಿರುಗಿಸಲು ಬಳಸುತ್ತಿದ್ದೆವು.

ಸಿತ್ ವಿದಾದ್ ಅವರ ಮೊದಲ ಸುಧಾರಣೆ ಕಾಫಿ ನಿಲ್ಲಿಸಿದ್ದು. ಊರು ಹೌಹಾರಿತು. ಕಾಫಿ ಇಲ್ಲದ ಕಚೇರಿಗೂ ಪೊಲೀಸ್ ಠಾಣೆಗೂ ಏನು ವ್ಯತ್ಯಾಸ ಎಂದು ಸದಸ್ಯರು ಹಂಗಿಸಿದರು. ಎರಡನೆಯದು, ಸರದಿ ಪಟ್ಟಿಯನ್ನು ಜೇಬಿನಿಂದ ಈಚೆಗೆ ಎಳೆದು ಕಚೇರಿಯ ಹೊರಗೋಡೆಗೆ ಅಂಟಿಸಿದ್ದು: ಕೇರಿ, ತಾರೀಖು, ವಾಲ್ವಿನ ಸಂಖ್ಯೆ, ಕೆಳಗೆ ಹೊಣೆಗಾರರ ರುಜು. ಸರದಿ ತಪ್ಪಿದರೆ ಯಾಕೆ ತಪ್ಪಿತು, ಯಾರಿಂದ ತಪ್ಪಿತು ಎಂಬುದೂ ಅಲ್ಲೇ ಕಾಣಬೇಕು. ಮನೆಯ ಹೂರಣವನ್ನೆಲ್ಲ ಬೀದಿಗೆ ಹಾಕುತ್ತಾಳೆ ಎಂದು ಅವರ ಸ್ವಂತ ಅಣ್ಣನೇ ಎರಡು ಹಬ್ಬಕ್ಕೆ ಮನೆಗೆ ಕರೆಯಲಿಲ್ಲ. ಕಾಫಿ ಕೊಡುತ್ತಿದ್ದ ಅಬು ಫತ್ಹಿಗೆ ಕೆಲಸ ಹೋಯಿತಲ್ಲ ಎಂದು ಅವನ ಕೈಗೆ ಅಂಟಿನ ಡಬ್ಬಿ, ಬ್ರಷ್ಷು, ವಾಲ್ವಿನ ಕೀಲಿ ಕೊಟ್ಟರು. ಅವನು ಒಂದು ವರ್ಷ ಮುಖ ಊದಿಸಿಕೊಂಡೇ ಪಟ್ಟಿ ಅಂಟಿಸಿದ. ಆಮೇಲೆ ಯಾರಾದರೂ ಅದರ ಅಂಚು ಹರಿದರೆ ಹೊಡೆಯಲು ಹೋಗುತ್ತಿದ್ದ.

ನಾನು ಸಹಾಯಕನಾಗಿ ಸೇರಿದ್ದು ಹನ್ನೆರಡು ವರ್ಷದ ಹಿಂದೆ. ನನ್ನ ಮೊದಲ ಪತ್ರವನ್ನು ಅವರು ಏಳು ಸಲ ವಾಪಸು ಕಳಿಸಿದರು. ಎಂಟನೆಯ ಸಲ ಎದುರಿಗೆ ಕೂರಿಸಿಕೊಂಡು, "ಜೌದತ್, ಇದನ್ನ ಓದೋರು ಬಾವಿ ಬತ್ತಿದವರು ಕಣಪ್ಪ, ನಿನ್ನ ಪರೀಕ್ಷಕರಲ್ಲ. ಏನ್ ಹೇಳ್ಬೇಕೋ ಮೊದಲನೇ ಸಾಲಲ್ಲೇ ಹೇಳು," ಎಂದರು. ನನ್ನ ತಂದೆಯ ಶಸ್ತ್ರಚಿಕಿತ್ಸೆಯ ವಾರ ನನ್ನ ಮೇಜಿನ ಕಡತಗಳನ್ನೆಲ್ಲ ಮನೆಗೆ ಹೊತ್ತೊಯ್ದು, ನಾನು ಮರಳಿದಾಗ ಏನೂ ಆಗದವರಂತೆ ಒಪ್ಪಿಸಿದರು. ಇಂಥವು ನೂರಿವೆ, ಅವನ್ನು ಬೇರೆಯವರೂ ಬರೆದಾರು. ನಾನೇ ಬರೆಯಬೇಕಾದ್ದು ಒಂದಿದೆ, ಅದಕ್ಕೆ ಬಂದುಬಿಡುತ್ತೇನೆ.

ಒಂಬತ್ತು ವರ್ಷದ ಹಿಂದಿನ ಆಗಸ್ಟ್. ಸಿತ್ ವಿದಾದ್ ತರಬೇತಿಗೆಂದು ನಾಲ್ಕು ದಿನ ರಾಮಲ್ಲಾಕ್ಕೆ ಹೋಗಿದ್ದರು, ಪಟ್ಟಿ ನನ್ನ ವಶದಲ್ಲಿತ್ತು. ಆ ಶುಕ್ರವಾರ ನಮಾಜು ಮುಗಿಸಿ ನನ್ನ ದೊಡ್ಡಪ್ಪ ಹಾಜ್ ಶಹಾದೆ, ನಮ್ಮ ನವಾಸ್ರೆ ಮನೆತನದ ಐವರು ಹಿರಿಯರೊಂದಿಗೆ ನನ್ನ ಮನೆಗೆ ಬಂದರು. ಕಚೇರಿಯಲ್ಲಿ ಕಾಫಿ ಇಲ್ಲ, ಮನೆಯಲ್ಲಿ ಇಲ್ಲವೆನ್ನಲಾದೀತೆ? ನನ್ನ ಹೆಂಡತಿ ಕಾಫಿ ಕಳಿಸಿದಳು. ಆರು ಬಟ್ಟಲೂ ಒಂದೇ ಸಲ ನೆಲ ಮುಟ್ಟಿದ ಸದ್ದು ನನಗಿನ್ನೂ ನೆನಪಿದೆ. ಭಾನುವಾರ ದೊಡ್ಡಪ್ಪನ ಮಗನ ಮದುವೆ, ಮುನ್ನೂರು ಜನ, ಮನ್ಸಫ್ ಎಂಬ ಮಾಂಸದಡುಗೆಯ ದೊಡ್ಡ ಹಂಡೆಗಳು, ಮೇಲಿನ ಕೇರಿಯ ಟ್ಯಾಂಕುಗಳೆಲ್ಲ ಖಾಲಿ. ಶನಿವಾರದ ಸರದಿ ಕೆಳಗಿನ ಕೇರಿಯದು, ಭಾನುವಾರದ್ದು ನಮ್ಮದು. ಅದಲುಬದಲು ಮಾಡು ಎಂದರು.

ಪಟ್ಟಿ ಗೋಡೆಯ ಮೇಲಿದೆ, ನನ್ನಿಂದಾಗದು ಎಂದು ತೊದಲಿದೆ. ದೊಡ್ಡಪ್ಪ ಸಿಟ್ಟಾಗಲಿಲ್ಲ. ಅವರು ಸಿಟ್ಟಾಗಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ.

"ಒಂದೇ ದಿನ ಅಲ್ವೇನೋ ಮಗಾ," ಎಂದರು ಮೆಲ್ಲಗೆ. "ನಿಮ್ಮಪ್ಪನ್ನ ನಾನು ಹೆಗಲ ಮೇಲೆ ಹೊತ್ತು ಬೆಳೆಸಿದೋನು. ಕಾಫಿ ಆರ್ತಾ ಇದೆ ನೋಡು."

ನಾನು ಹೂಂ ಎಂದೆ. ಆರೂ ಜನ ಒಟ್ಟಿಗೆ ಕುಡಿದರು, ನನಗೆ ದೀರ್ಘಾಯುಷ್ಯ ಹಾರೈಸಿದರು. ಅಬು ಫತ್ಹಿಗೆ ಸಿತ್ ವಿದಾದ್ ಅವರೇ ಫೋನಿನಲ್ಲಿ ಹೇಳಿದ್ದಾರೆಂದು ಸುಳ್ಳು ಹೇಳಿ ಶನಿವಾರ ಮೇಲಿನ ವಾಲ್ವ್ ತೆರೆಸಿದೆ. ಭಾನುವಾರ ಬೆಳಗ್ಗೆ ಮುಖ್ಯ ಕೊಳವೆ ಬತ್ತಿತು. ಮುಂದೆ ಹನ್ನೊಂದು ದಿನ ಒಂದು ಹನಿ ಬರಲಿಲ್ಲ.

ಕೆಳಗಿನ ಕೇರಿಯ ಉಮ್ ಸಾಲೆಹ್ ಅವರ ಗಂಡ ಮೂರು ವರ್ಷದಿಂದ ಹಾಸಿಗೆ ಹಿಡಿದಿದ್ದರು. ಅವರ ನೆಲತೊಟ್ಟಿ ಬಿರುಕು ಬಿಟ್ಟಿತ್ತು, ಟ್ಯಾಂಕಿನ ನೀರೇ ಗತಿ. ಒಂಬತ್ತನೆಯ ದಿನ ಗಂಡ ತೀರಿಕೊಂಡರು. ಆ ಸಾವು ನೀರಿಲ್ಲದ್ದರಿಂದ ಆದದ್ದಲ್ಲ, ಬರುವುದಿತ್ತು, ವೈದ್ಯರೇ ಹೇಳಿದ್ದರು. ಆದರೆ ಸತ್ತವರ ಮೈ ತೊಳೆಯಲು ಆ ಮನೆಯಲ್ಲಿ ನೀರಿರಲಿಲ್ಲ. ಮಸೀದಿಯ ತೊಟ್ಟಿಯಿಂದ ಕ್ಯಾನುಗಳಲ್ಲಿ ಹೊತ್ತು ತಂದರು. ಅದರಲ್ಲೊಂದು ಕ್ಯಾನು ಹೊತ್ತವನು ನಾನು. ಬಾಗಿಲಲ್ಲಿ ನಿಂತಿದ್ದ ಉಮ್ ಸಾಲೆಹ್ ನನ್ನ ತಲೆ ಸವರಿ, ದೇವರು ನಿನ್ನ ಮನೆಯ ನೀರು ಬತ್ತಿಸದಿರಲಿ ಎಂದು ಹರಸಿದರು. 

ಸಿತ್ ವಿದಾದ್ ಹಿಂದಿರುಗಿದ ದಿನವೇ ಅಬು ಫತ್ಹಿ ವಾಲ್ವ್ ತೆರೆದದ್ದನ್ನು ಬರೆದಿಡುವ ಪುಸ್ತಕ ನೋಡಿ ನನ್ನನ್ನು ಕರೆದಿದ್ದರು. ಕೂಗಾಡಲಿಲ್ಲ. ಯಾರು ಬಂದಿದ್ದರು ಎಂದು ಕೇಳಿದರು, ಹೇಳಿದೆ. ಕಾಫಿ ಕುಡಿದರಾ ಎಂದು ಕೇಳಿದರು, ಕುಡಿದರು ಎಂದೆ. ಒಂದು ಹಾಳೆ ಎಳೆದುಕೊಂಡು ಬರೆದರು: 'ಶನಿವಾರ ಕೆಳಗಿನ ಕೇರಿಯ ಸರದಿ ತಪ್ಪಿದೆ. ನೀರು ಬಂದ ಕೂಡಲೇ ಮೊದಲ ಸರದಿ ಅವರದು. ತಪ್ಪು ಮಾಡಿದವರು: ಕಾರ್ಯದರ್ಶಿ ವಿದಾದ್ ಸವಾಲ್ಮೆ.' ನಾನು ಬಾಯಿ ತೆರೆದೆ. ನಿನಗಿನ್ನೂ ಮೂವತ್ತು ತುಂಬಿಲ್ಲ, ಈ ಊರಲ್ಲಿ ಬಾಳಬೇಕು, ಸುಮ್ಮನಿರು ಎಂದರು. ನಾನು ಸುಮ್ಮನಾದೆ. ಸುಮ್ಮನಿರುವುದು ನನಗೆ ಎಷ್ಟು ಸುಲಭವಾಗಿ ಬಂತೆಂದು ನೆನೆದರೆ ನಾಚಿಕೆಯಾಗುತ್ತದೆ.

ಉಮ್ ಸಾಲೆಹ್ ಮತ್ತು ಸಿತ್ ವಿದಾದ್ ಚಿಕ್ಕಂದಿನ ಗೆಳತಿಯರು. ಪ್ರತಿ ವಸಂತದಲ್ಲೂ ದ್ರಾಕ್ಷಿ ಎಲೆ ಕೀಳಲು ಜೊತೆಗೇ ಹೋಗುತ್ತಿದ್ದವರು. ಗೋಡೆಗೆ ಆ ಹಾಳೆ ಬಿದ್ದ ಮೇಲೆ ಒಂಬತ್ತು ವರ್ಷ ಅವರ ನಡುವೆ ಮಾತಿಲ್ಲ. ಬೀದಿಯಲ್ಲಿ ಎದುರಾದರೆ ಉಮ್ ಸಾಲೆಹ್ ಆಚೆ ಬದಿಗೆ ದಾಟುತ್ತಿದ್ದರು. ನಾನು ಎಷ್ಟೋ ಸಲ ಸಿತ್ ವಿದಾದ್ ಅವರ ಪಕ್ಕದಲ್ಲೇ ನಡೆಯುತ್ತಿದ್ದೆ, ಕಣ್ಣಾರೆ ಕಂಡಿದ್ದೇನೆ. ಅವರು ಪ್ರತಿ ಸಲವೂ ಕೈಯೆತ್ತಿ ಸಲಾಮು ಹೇಳುತ್ತಿದ್ದರು, ಉತ್ತರ ಬರುತ್ತಿರಲಿಲ್ಲ, ನಾವು ಕಚೇರಿಯ ಮಾತು ಮುಂದುವರಿಸುತ್ತಿದ್ದೆವು.

ಹೋದ ಶುಕ್ರವಾರ, ಮಧ್ಯಾಹ್ನ, ಸಿತ್ ವಿದಾದ್ ನನ್ನ ಮನೆಗೆ ಬಂದರು. ನಮ್ಮಲ್ಲಿ ಅಹವಾಲು ಹೊತ್ತು ಮನೆಗೆ ಬರುವುದು ಗಂಡಸರ ಕೆಲಸ, ಅದೂ ಗುಂಪಾಗಿ. ಅವರು ಒಬ್ಬರೇ ಬಂದಿದ್ದರು. ನಿವೃತ್ತಿಗೆ ಮುನ್ನ ಹರಸಲು ಬಂದಿದ್ದಾರೆಂದು ಹಿಗ್ಗಿ ನಾನೇ ಕಾಫಿ ಮಾಡಿ ತಂದೆ. ಬಟ್ಟಲು ತೆಗೆದುಕೊಂಡರು. ತುಟಿಗೆ ಮುಟ್ಟಿಸದೆ ಕೆಳಗಿಟ್ಟರು. 

"ನನ್ನದೊಂದು ಮಾತಿದೆ," ಎಂದರು. "ಗ್ರಂಥಕ್ಕೆ ಬರೀತಿದ್ದೀಯಂತೆ. ಆ ಆಗಸ್ಟ್ ತಿಂಗಳದ್ದು ಬರಿ. ಅದಕ್ಕೂ ಮೊದಲು ಗೋಡೆ ಮೇಲೆ ಬರಿ."

ನಿಮ್ಮ ಹೆಸರಿಗೆ ಅಂಟಿದ ಮಸಿ ಒರೆಸಲು ನಾನೇ ಮೊದಲು ಮುಂದಾಗಬೇಕಿತ್ತು ಎಂದು ನಾನು ಶುರುಮಾಡಿದೆ. ಅವರು ಕೈಯಾಡಿಸಿ ತಡೆದರು.

"ನನ್ನ ಹೆಸರು ಹಾಗಿರ್ಲಿ ಬಿಡೋ. ಹದಿನೆಂಟು ವರ್ಷ ಆ ಗೋಡೆ ಮೇಲೆ ಒಂದೇ ಒಂದು ಸುಳ್ಳು ಬಿದ್ದಿರೋದು, ಅದನ್ನ ಬರೆದೋಳು ನಾನು. ನಿಮ್ಮ ದೊಡ್ಡಪ್ಪ ಅವನ ಮಗನಿಗೋಸ್ಕರ ಪಟ್ಟಿ ಮುರಿಸ್ದ, ನಾನು ನಿನಗೋಸ್ಕರ ಮುರಿದೆ. ಏನ್ ವ್ಯತ್ಯಾಸ ಹೇಳು? ಅವನಾದ್ರೂ ಕೇಳಿ ಮಾಡಿಸ್ಕೊಂಡ."

ಗುರುವಾರ ಸಭೆಯಿದೆ, ಆಮೇಲೆ ಬರೆಯುತ್ತೇನೆ ಎಂದೆ. ಹೌದು, ಹಾಗೆಂದೆ; ಅದನ್ನೂ ಮುಚ್ಚಿಡುವುದಿಲ್ಲ. ಹೆಂಡತಿ ಮಕ್ಕಳ ಮುಖ, ದೊಡ್ಡಪ್ಪನ ಮುಖ, ಬಾಗಿಲಲ್ಲಿ ನಿಂತ ಉಮ್ ಸಾಲೆಹ್ ಅವರ ಮುಖ ಎಲ್ಲ ಒಟ್ಟಿಗೆ ಕಣ್ಣಮುಂದೆ ಬಂದವು. ಅವರು ಒತ್ತಾಯಿಸಲಿಲ್ಲ. ಸಭೆ ಆದ ಮೇಲೆ ಆ ಕುರ್ಚಿ ನಿನ್ನ ಬಾಯಿ ಹಿಡಿಯುತ್ತದೆ ಎಂದಷ್ಟೇ ಹೇಳಿ ಬಟ್ಟಲಿನ ಕಡೆ ನೋಡಿದರು.

"ಕಾಫಿ ಆರ್ತಾ ಇದೆ, ಜೌದತ್."

ದೊಡ್ಡಪ್ಪ ಅಂದು ಆಡಿದ್ದ ಆ ಮಾತು ಅವರಿಗೆ ಹೇಗೆ ಗೊತ್ತಿತ್ತೋ ತಿಳಿಯದು. ಬಹುಶಃ ಇಂಥ ಹೊತ್ತಿನಲ್ಲಿ ನಮ್ಮೂರಿನವರೆಲ್ಲ ಆಡುವ ಮಾತೇ ಅದು. ಆಗಲಿ ಎಂದೆ. ಪೂರ್ತಿ ತಣ್ಣಗಾಗಿದ್ದ ಆ ಕಾಫಿಯನ್ನು ಅವರು ಒಂದು ಗುಟುಕೂ ಬಿಡದೆ ಕುಡಿದು, ಏಲಕ್ಕಿ ಜಾಸ್ತಿಯಾಯಿತು ಎಂದು ಹೇಳಿ ಎದ್ದರು.

ಇಂದು ಬೆಳಗ್ಗೆ ಗೋಡೆಗೆ ನನ್ನ ಹಾಳೆ ಬಿತ್ತು. ದೊಡ್ಡಪ್ಪನ ಹೆಸರು ಹಾಕಲಿಲ್ಲ, ಕೇಳಿದವರು ಅವರಾದರೂ ಹೂಂ ಎಂದವನು ನಾನು. 'ಒಂಬತ್ತು ವರ್ಷದ ಹಿಂದೆ ಆಗಸ್ಟಿನಲ್ಲಿ ಕೆಳಗಿನ ಕೇರಿಯ ಸರದಿ ತಪ್ಪಿಸಿದವನು ಜೌದತ್ ನವಾಸ್ರೆ. ಅಂದು ಇಲ್ಲಿ ಬರೆದದ್ದು ನಿಜವಲ್ಲ.' ಅಬು ಫತ್ಹಿ ಓದಿಕೊಂಡ, ನನ್ನನ್ನು ಮೇಲಿನಿಂದ ಕೆಳಗೆ ನೋಡಿದ, ಹಾಳೆಯ ನಾಲ್ಕೂ ಮೂಲೆಗೆ ಮಾಮೂಲಿಗಿಂತ ಎರಡರಷ್ಟು ಅಂಟು ಬಳಿದ. ದೊಡ್ಡಪ್ಪನಿಂದ ಆಗಲೇ ಮೂರು ಸಲ ಫೋನು ಬಂದಿದೆ, ಎತ್ತಿಲ್ಲ. ಸದಸ್ಯರಲ್ಲಿ ಇಬ್ಬರು ಕಚೇರಿಗೆ ಬಂದು ನನ್ನ ಕಡೆ ತಿರುಗಿಯೂ ನೋಡದೆ ಅಧ್ಯಕ್ಷರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಿದ್ದಾರೆ. ಗುರುವಾರ ಏನಾಗುತ್ತದೋ.

ಹತ್ತು ಗಂಟೆಯ ಸುಮಾರಿಗೆ ಉಮ್ ಸಾಲೆಹ್ ಪಟ್ಟಿ ಕೇಳಲು ಬಂದರು. ಅವರಿಗೆ ಓದಲು ಬರುವುದಿಲ್ಲ. ಅಬು ಫತ್ಹಿ ಓದಿ ಹೇಳಿದ. ಇನ್ನೊಮ್ಮೆ ಓದು ಎಂದರು, ಇನ್ನೊಮ್ಮೆ ಓದಿದ. ನಾನು ಕಿಟಕಿಯ ಒಳಗಿದ್ದೆ. ಹೊರಗೆ ಹೋಗಿ ಕಾಲು ಹಿಡಿಯಬೇಕೆಂದುಕೊಂಡೆ, ಹೋಗಲಿಲ್ಲ. ಅವರು ತಲೆಯೆತ್ತಿ ಒಂದು ಕ್ಷಣ ನನ್ನನ್ನು ನೋಡಿದರು. ಬೈಯಲಿಲ್ಲ, ಶಪಿಸಲಿಲ್ಲ, ಕ್ಷಮಿಸಿದೆ ಎನ್ನುವ ಹಾಗೂ ಇರಲಿಲ್ಲ. ಓಢಣಿ ಸರಿಮಾಡಿಕೊಂಡು, ಕೆಳಗಿನ ಕೇರಿಯ ತಮ್ಮ ಮನೆಯ ದಾರಿ ಬಿಟ್ಟು, ದಾಳಿಂಬೆ ತೋಟದ ಪಕ್ಕದ ಏರುದಾರಿ ಹಿಡಿದರು. ಆ ದಾರಿಯಲ್ಲಿರುವುದು ಒಂದೇ ಮನೆ, ಸಿತ್ ವಿದಾದ್ ಅವರದು.

ಮಾನ್ಯ ವಿದಾದ್ ಸವಾಲ್ಮೆ ಅವರಿಗೆ ಆಯಸ್ಸು, ಆರೋಗ್ಯ, ಕೈತುಂಬ ಕೆಲಸ ಇರಲಿ. ಸರದಿ ತಪ್ಪಿದ ದಿನ ನಮ್ಮನ್ನು ಬೈಯಲು ಗಟ್ಟಿ ದನಿ ಇರಲಿ. ಈ ಸಾಲು ಬರೆಯುತ್ತಿರುವ ಹೊತ್ತಿಗೆ ಉಮ್ ಸಾಲೆಹ್, ಸಿತ್ ವಿದಾದ್ ಅವರ ಬಾಗಿಲು ತಲುಪಿರಬೇಕು. ಆ ಮನೆಯಲ್ಲಿ ಇಂದು ಎರಡು ಬಟ್ಟಲು ಕಾಫಿ ಬಿಸಿಯಿರುವಾಗಲೇ ಖಾಲಿಯಾಗಲಿ.