ಹೊಡೆ ಸೀಳಿದ ಶನಿವಾರ

ಪರಮಶಿವಪ್ಪ ತೀರಿಕೊಂಡು ಇಪ್ಪತ್ತಮೂರು ದಿನವಾಯಿತು. ಶಿಕ್ಷಕರ ಸಂಘದವರು ಅವನ ನೆನಪಿಗೆ ಒಂದು ಸಣ್ಣ ಪುಸ್ತಕ ತರುತ್ತಾರಂತೆ. ಹುಟ್ಟಿದ ತಾರೀಖು, ಸೇವೆಗೆ ಸೇರಿದ ವರ್ಷ, ಒಳ್ಳೆಯ ಗುಣಗಳು, ಇಷ್ಟು ಬರೆದುಕೊಡಿ ಸಾಕು ಎಂದು ನನಗೆ ಹೇಳಿದ್ದಾರೆ. ಬರೆಯಲು ಕೂರುತ್ತೇನೆ, ಏಳುತ್ತೇನೆ. ನಾಲ್ಕು ಸಾಲು ಬರೆದು ಹರಿಯುತ್ತೇನೆ. ಒಳ್ಳೆಯ ಗುಣಗಳನ್ನು ಬರೆಯಲು ಹೊರಟರೆ ಅವನು ಯಾರೋ ಬೇರೆಯವನಾಗಿಬಿಡುತ್ತಾನೆ.

ಅವರು ಕೇಳಿದ್ದನ್ನು ಮೊದಲು ಹೇಳಿ ಮುಗಿಸುತ್ತೇನೆ. ಹುಟ್ಟಿದ್ದು 1955ರಲ್ಲಿ, ಶಿಕಾರಿಪುರದ ಕಿರಾಣಿ ಅಂಗಡಿಯ ಮನೆಯಲ್ಲಿ. ಮೇಷ್ಟರಾದದ್ದು 1979ರಲ್ಲಿ. ಬಳ್ಳಿಗಾವಿಯಿಂದ ಎರಡು ಮೈಲಿ ಆಚೆಯ ಹಳ್ಳಿಯ ಶಾಲೆಗೆ 1991ರಲ್ಲಿ ಬಂದ. ಅವನು ವಿಜ್ಞಾನ ಹೇಳುತ್ತಿದ್ದ, ನಾನು ಗಣಿತ. ಈ ಏಪ್ರಿಲ್ ತಿಂಗಳಲ್ಲಿ ಎದೆನೋವು ಬಂತು, ಆಸ್ಪತ್ರೆ ತಲುಪುವ ಮೊದಲೇ ಮುಗಿಯಿತು. ನಾನು ಆಗ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಸುದ್ದಿ ಹೇಳಿದವನನ್ನು ನಿಲ್ಲಿಸಿಕೊಂಡೇ ಇನ್ನೂ ಎರಡು ಪ್ರಶ್ನೆ ತಿದ್ದಿದೆನಂತೆ. ನನಗೆ ನೆನಪಿಲ್ಲ.

ತರಗತಿಯಲ್ಲಿ ಅವನು ಕುರ್ಚಿಯ ಮೇಲೆ ಕೂತದ್ದನ್ನು ಯಾರೂ ನೋಡಿಲ್ಲ. ಕುರ್ಚಿಯ ಮೇಲೆ ಬೀಜದ ಡಬ್ಬಿಗಳಿದ್ದವು. ಗಾಜಿನ ಲೋಟದಲ್ಲಿ ಶೇಂಗಾ ಮೊಳೆಸುತ್ತಿದ್ದ, ಒರಳು ತರಿಸಿ ಮಕ್ಕಳ ಕೈಯಲ್ಲೇ ಭತ್ತ ಕುಟ್ಟಿಸುತ್ತಿದ್ದ, ಅಕ್ಕಿ ಎಷ್ಟು, ಹೊಟ್ಟು ಎಷ್ಟು ಎಂದು ತೂಗಿಸುತ್ತಿದ್ದ. ಬೆಳಿಗ್ಗೆ ಏನು ತಿಂದು ಬಂದಿರಿ, ಅದು ಯಾರ ಯಾರ ಕೈ ದಾಟಿ ನಿಮ್ಮ ತಟ್ಟೆಗೆ ಬಂತು, ಬರೆಯಿರಿ ಎನ್ನುತ್ತಿದ್ದ. ಆದರೆ ಅವನಿಗೆ ಬೇಸಾಯ ಗೊತ್ತಿರಲಿಲ್ಲ. ಕಾಳನ್ನು ಚೀಲದಲ್ಲಿ ನೋಡಿ ಬೆಳೆದವನು. ಅದು ಅವನನ್ನು ಒಳಗೊಳಗೇ ಕೊರೆಯುತ್ತಿತ್ತು. ಪುಸ್ತಕ ಓದಿ ಓದಿ ಆ ಕೊರತೆ ತುಂಬಿಸಿಕೊಳ್ಳುತ್ತಿದ್ದ.

1994ರ ಯುಗಾದಿಯ ಹೊತ್ತಿಗೆ ಶಾಲೆಯ ಪಕ್ಕದ ಗದ್ದೆಯಲ್ಲಿ ನಾಲ್ಕು ಗುಂಟೆ ಕೇಳಿ ಪಡೆದ. ಗದ್ದೆ ಬಸಕ್ಕನದು. ಗಂಡ ಹೋದ ಮೇಲೆ ತಾನೇ ನಿಂತು ಬೇಸಾಯ ಮಾಡಿಸುತ್ತಿದ್ದ, ಅರವತ್ತು ದಾಟಿದ ಹೆಂಗಸು. ಕಾಗದ ಇಲ್ಲ, ಬರೀ ಮಾತು. ಮಕ್ಕಳೇ ಸಸಿ ನೆಟ್ಟರು, ಕಳೆ ಕಿತ್ತರು. ನಿಮ್ಮ ಅಕ್ಕಿಯ ಅನ್ನವನ್ನು ಇದೇ ಅಂಗಳದಲ್ಲಿ ನೀವೇ ಉಣ್ಣುತ್ತೀರಿ ಎಂದು ಅವನು ಅವರಿಗೆ ಮಾತು ಕೊಟ್ಟಿದ್ದ. ಮುಖ್ಯೋಪಾಧ್ಯಾಯರು ಮಾತ್ರ, "ಈ ಒಂದು ವರ್ಷ ನೋಡೋಣ. ಊರಿನವರಿಂದ ಒಂದು ದೂರು ಬಂದರೂ ನಿಲ್ಲಿಸಿಬಿಡಿ" ಎಂದಿದ್ದರು.

ದಸರಾ ರಜೆಯ ಮುಂಚಿನ ಶನಿವಾರ. ಭತ್ತ ಹೊಡೆಯಾಗಿತ್ತು. ಎಂದರೆ ತೆನೆ ಇನ್ನೂ ಹೊರಬಂದಿಲ್ಲ, ಗರಿಯ ಸುರುಳಿಯೊಳಗೆ ಇದೆ, ಬುಡ ಉಬ್ಬಿದೆ. ನನ್ನ ಪೀರಿಯಡ್ಡಿನ ಹೊತ್ತಿಗೆ ಪರಮಶಿವಪ್ಪ ಬಾಗಿಲಲ್ಲಿ ತಲೆ ಹಾಕಿ, "ಹತ್ತು ನಿಮಿಷ ಕೊಡು ಮಾರಾಯ" ಎಂದ. ಆ ವಾರ ಅದು ನಾಲ್ಕನೆಯ ಸಲ. ನಾನು ಸಿಟ್ಟಿನಿಂದ ಪುಸ್ತಕ ಮುಚ್ಚಿದೆ. ಮಕ್ಕಳು ಹೋ ಎಂದು ಓಡಿದರು.

ಕಿಟಕಿಯಿಂದ ನೋಡುತ್ತ ನಿಂತೆ. ಅವನು ಜೇಬಿನಿಂದ ಬ್ಲೇಡು ತೆಗೆದು ಮುರಿದು ಒಬ್ಬೊಬ್ಬರಿಗೆ ಕೊಡುತ್ತಿದ್ದ.

"ಮೆಲ್ಲಗೆ ಸೀಳ್ರೋ. ಹೊಟ್ಟಿ ಒಳಗೆ ಏನೈತಿ ನೋಡ್ರಿ. ಎಳೇ ತೆನೆ ಕಾಣ್ತೈತಾ?"

ಬಸಕ್ಕನ ಮೊಮ್ಮಗಳು ಚೌಡೇಶ್ವರಿ ಏಳನೇ ತರಗತಿಯಲ್ಲಿದ್ದಳು. ಅವಳು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು.

"ನಾ ಒಲ್ಲೆ ಸಾರ್."

"ಮನೇಲಿ ಕುಡುಗೋಲು ಹಿಡಿಯಾಕಿ, ಇಷ್ಟುದ್ದ ಬ್ಲೇಡಿಗೆ ಹೆದರ್ತೀಯೇನೆ?"

ಮಕ್ಕಳು ನಕ್ಕರು. ಅವಳು ನಗಲಿಲ್ಲ.

ನಾನು ಸೊರಬ ತಾಲೂಕಿನ ಕುಬಟೂರಿನವನು, ಗದ್ದೆಯಿದ್ದ ಮನೆಯವನು. ಹೊಡೆಯಾದ ಭತ್ತ ಬಸುರಿ. ಭೂಮಿ ಹುಣ್ಣಿಮೆಯ ದಿನ ಅವಳಿಗೆ ಬಯಕೆಯೂಟ ಬಡಿಸುವವರೆಗೆ ನಮ್ಮಮ್ಮ ನಮ್ಮನ್ನು ಚಪ್ಪಲಿ ಹಾಕಿಕೊಂಡು ಬದುವಿನ ಮೇಲೆ ಹತ್ತಲು ಬಿಡುತ್ತಿರಲಿಲ್ಲ. ಇದೆಲ್ಲ ನನಗೆ ಚೆನ್ನಾಗಿ ಗೊತ್ತಿತ್ತು. ಒಂದು ಕೂಗು ಹಾಕಿದ್ದರೆ ಸಾಕಿತ್ತು. ಅನುಭವಿಸಲಿ ಎಂದುಕೊಂಡೆ. ಮನಸ್ಸಿನಲ್ಲಿ ಬಂದದ್ದು ಸರಿಯಾಗಿ ಇದೇ ಮಾತು.

ಹನ್ನೊಂದು ಹೊಡೆ ಸೀಳಿದರು.

ಶಾಲೆ ಬಿಟ್ಟು ಅವನು ಬಾಗಿಲಿಗೆ ಬೀಗ ಹಾಕುವಾಗ ಬಸಕ್ಕ ಬಂದಳು. ಬೇಲಿಯ ಒಳಗೆ ಕಾಲಿಡಲಿಲ್ಲ.

"ಮೇಷ್ಟ್ರೇ, ನಿಮ್ಮನ್ಯಾಗೆ ಬಸುರಿ ಹೆಣ್ಮಕ್ಕಳಿದ್ರೆ ಹಿಂಗೇ ಬ್ಲೇಡು ಹಿಡಿದು ನೋಡ್ತೀರೇನ್ರೀ?"

"ಏನಂದ್ರಿ ಬಸಕ್ಕಾ?"

"ಅಂದಿದ್ದು ಕೇಳೈತಿ. ಗದ್ದೆ ಬಿಡ್ರಿ. ರಜಾ ಮುಗಿದ ಮ್ಯಾಲೆ ಒಂದು ಹುಡುಗನೂ ನನ್ನ ಬದುವಿನ ಮ್ಯಾಲೆ ಕಾಣಬಾರದು."

ರಜೆ ಶುರುವಾಗಿ ಮೂರನೆಯ ದಿನಕ್ಕೆ ಅವನು ಎರಡು ಬಸ್ಸು ಬದಲಿಸಿ ಕುಬಟೂರಿಗೆ, ನಮ್ಮ ಮನೆಗೆ ಬಂದ. ಅಮ್ಮ ಕೊಟ್ಟ ಚಹಾ ಲೋಟ ಹಿಡಿದು ಅಂಗಳದಲ್ಲಿ ಆ ಕಡೆಯಿಂದ ಈ ಕಡೆಗೆ ನಡೆಯುತ್ತಿದ್ದ. ಬಸಕ್ಕನ ಮನೆಗೆ ಎರಡು ಸಲ ಹೋಗಿದ್ದನಂತೆ. ಎರಡು ಸಲವೂ ಅವಳು ಎದ್ದು ಒಳಗೆ ಹೋದಳಂತೆ.

"ಕೂತ್ಕೊಳ್ಳೋ ಮಾರಾಯ, ಕಾಲು ನೋಯ್ತದೆ" ಎಂದೆ.

"ಅವಳು ಬಸುರಿ ಅಂದಿದ್ದು ಯಾರನ್ನ?"

ಹೇಳಿದೆ. ಅವನು ನಿಂತುಬಿಟ್ಟ. "ಹನ್ನೊಂದು ಹೊಡೆಗೆ ಇಷ್ಟು ಸಿಟ್ಟಾ?" ಎಂದ. ಇನ್ನೊಂದು ಸುತ್ತು ನಡೆದು ಬಂದು ತನಗೆ ತಾನೇ, "ಹನ್ನೊಂದು" ಎಂದ. ಆಮೇಲೆ, "ಮೂವತ್ತೊಂದು ಹುಡುಗ್ರಿಗೆ ಮಾತು ಕೊಟ್ಟೀನಿ ಕಣೋ. ಗದ್ದೆ ಹೋದ್ರೆ ಮತ್ತೆ ಯಾರು ಕೊಡ್ತಾರೆ? ಬರೀ ಬೋರ್ಡಿನ ಮೇಲೆ ಭತ್ತ ಬೆಳೀಬೇಕು. ನೀನು ಆವತ್ತು ಅಲ್ಲಿದ್ದಿದ್ರೆ ತಡೀತಿದ್ದೆ, ಅಲ್ವಾ?"

"ನಾನು ಆಫೀಸಿನಲ್ಲಿದ್ದೆ" ಎಂದೆ.

ಮರುದಿನ ಇಬ್ಬರೂ ಕೂಡಿ ಬಸಕ್ಕನ ಮನೆಗೆ ಹೋದೆವು. ಅವಳು ಜಗಲಿಯ ಮೇಲೆ ಹುಣ್ಣಿಮೆಯ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನಲ್ಲಿ ಚಿತ್ತಾರ ಬರೆಯುತ್ತಿದ್ದಳು. ಬಯಕೆಯೂಟವನ್ನು ಗದ್ದೆಗೆ ಹೊತ್ತೊಯ್ಯುವ ಬುಟ್ಟಿ ಅದು. ಕೈ ಕೆಲಸ ಹಿಡಿದಿದ್ದರಿಂದ ಈ ಸಲ ಅವಳು ಎದ್ದು ಹೋಗಲಿಲ್ಲ.

"ತಪ್ಪಾಗೈತಿ ಬಸಕ್ಕಾ. ಏನು ಮಾಡ್ಲಿ ಹೇಳ್ರಿ, ಮಾಡ್ತೀನಿ."

"ದಂಡ ಕಟ್ತೀರೇನು? ನೋಯಿಸಿದೋರು ಉಣ್ಣಾಕ ಇಕ್ಕಬೇಕು." ಅವಳು ತಲೆ ಎತ್ತದೆ ಗೆರೆ ಎಳೆದಳು. "ಹುಣ್ಣಿಮಿ ದಿನ ಗದ್ದೆಗೆ ಎರಚೋ ಚರಗದ ಬೆರಕೆ ಸೊಪ್ಪು ನೀವೇ ಕಿತ್ತು ತರಬೇಕು. ಹುಡುಗ್ರು ತೋರಿಸ್ತಾವೆ, ಕೀಳೋದು ನೀವು. ಸಂತ್ಯಾಗಿಂದು ತಂದ್ರೆ ನಂಗೆ ಗೊತ್ತಾಗ್ತೈತಿ."

"ಗದ್ದೆ?"

"ಮೊದಲು ಸೊಪ್ಪು ತರ್ರಿ."

ಆಮೇಲೆ ಕಡ್ಡಿ ಕೆಳಗಿಟ್ಟು ನನ್ನ ಕಡೆ ತಿರುಗಿದಳು. "ಇವ್ರು ಪ್ಯಾಟಿಯೋರು, ಅಂಗಡಿ ಮಂದಿ, ತಿಳೀಲಿಲ್ಲ. ನೀವು ಗದ್ದೆ ಮನಿಯೋರಲ್ಲೇನ್ರೀ? ಕಿಟಕ್ಯಾಗೆ ನಿಂತು ನೋಡ್ತಿದ್ರಂತ ನಮ್ಮ ಚೌಡಿ ಹೇಳಿದ್ಲು. ನಿಮಗೂ ಬಾಯಿ ಇರಲಿಲ್ವಾ?"

ಬಸ್ಸು ನಿಲ್ಲುವ ಕಡೆಗೆ ನಡೆಯುವಾಗ ಅವನು ನನಗಿಂತ ಹತ್ತು ಹೆಜ್ಜೆ ಮುಂದಿದ್ದ. ತಿರುಗದೆಯೇ ಕೇಳಿದ: "ಪೀರಿಯಡ್ ಕಿತ್ಕೊಂಡಿದ್ದಕ್ಕಾ?"

"ಹೌದು."

"ಆಫೀಸಿನಲ್ಲಿದ್ದೆ ಅಂದಿದ್ದು?"

ಅಷ್ಟರಲ್ಲಿ ಬಸ್ಸು ಬಂತು. ಅರ್ಧ ಖಾಲಿಯಿತ್ತು. ನಾನು ಕೂತೆ. ಅವನು ಶಿರಾಳಕೊಪ್ಪದವರೆಗೂ ಮುಂದೆ, ಡ್ರೈವರಿನ ಪಕ್ಕ, ಕಂಬಿ ಹಿಡಿದು ನಿಂತೇ ಇದ್ದ.

ಹುಣ್ಣಿಮೆಯ ಹಿಂದಿನ ದಿನ ಕರೆಯದಿದ್ದರೂ ಹೋದೆ. ಹೋಗದೆ ಇರಲಾಗಲಿಲ್ಲ. ಕೆರೆ ಏರಿಯ ಕೆಳಗೆ ಅವನು ಪಂಚೆ ಎತ್ತಿ ಕಟ್ಟಿಕೊಂಡು, ಹೆಗಲಿಗೆ ಚೀಲ ಹಾಕಿಕೊಂಡು ಕೆಸರಿನಲ್ಲಿ ಬಾಗಿದ್ದ. ಮೇಲೆ ಚೌಡೇಶ್ವರಿ ಕೈಯಲ್ಲೊಂದು ಕೋಲು ಹಿಡಿದು ನಿಂತಿದ್ದಳು. ಸುತ್ತ ಏಳೆಂಟು ಮಕ್ಕಳು.

"ಅದು ಕಳೆ ಸಾರ್. ಉಂಡ್ರೆ ವಾಂತಿ ಆಗ್ತೈತಿ."

"ಮತ್ತೆ ಇದು?"

"ಅದು ಹೊನಗೊನ್ನೆ. ಎರಡು ಸಲ ಹೇಳೀನಿ."

"ಮರೆತೆ ಕಣೇ."

"ನಾವು ಮರೆತ್ರೆ ನೀವು ಬೆಂಚಿನ ಮ್ಯಾಲೆ ನಿಲ್ಲಿಸ್ತೀರಲ್ಲ!"

ಅವನು ಪಕ್ಕದ ಕಲ್ಲು ಹತ್ತಿ, ಕೈ ಕಟ್ಟಿ ನಿಂತ. ಮಕ್ಕಳು ಬಿದ್ದು ಬಿದ್ದು ನಕ್ಕರು. ಇಳಿದವನು ನನ್ನನ್ನು ನೋಡಿದ. ಒಂದು ಹಿಡಿ ಸೊಪ್ಪು ನನ್ನ ಮೂಗಿನ ಹತ್ತಿರ ಹಿಡಿದು, "ಇದೇನು ಹೇಳು?" ಎಂದ.

"ಒಂದೆಲಗ."

"ಈಗ ಬಾಯಿ ಬಂತು ನಿಂಗೆ" ಎಂದು ಚೀಲಕ್ಕೆ ಹಾಕಿಕೊಂಡ.

ಎಂಟು ದಿನಕ್ಕೆ ಅವನು ನನ್ನೊಡನೆ ಆಡಿದ ಮೊದಲ ಮಾತು ಅದು. ಆ ವಿಷಯ ನಮ್ಮಿಬ್ಬರ ನಡುವೆ ಮತ್ತೆ ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತದೆ. ಬೈದಿದ್ದರೂ ಆಗುತ್ತಿತ್ತು.

ಹುಣ್ಣಿಮೆಯ ಬೆಳಿಗ್ಗೆ ಬಸಕ್ಕನ ಮಗ ಬುಟ್ಟಿ ಹೊತ್ತ. ಗದ್ದೆಯಲ್ಲಿ ಪೂಜೆಯಾಯಿತು. ಬೇಯಿಸಿದ ಬೆರಕೆ ಸೊಪ್ಪಿಗೆ ಅನ್ನ ಕಲಸಿ, ಭೂಮಿಯನ್ನು ಉಣ್ಣಲು ಕರೆಯುತ್ತ ಎರಚಿದರು. ನಾಲ್ಕು ಗುಂಟೆಯ ಹತ್ತಿರ ಬಂದಾಗ ಬಸಕ್ಕ ಪಾತ್ರೆಯನ್ನು ಪರಮಶಿವಪ್ಪನ ಕೈಗೆ ಕೊಟ್ಟಳು. ಸೀಳಿದ ಹೊಡೆಗಳು ಒಣಗಿ ಬೆಳ್ಳಗಾಗಿದ್ದವು. ಅವನು ಒಂದೊಂದರ ಬುಡಕ್ಕೂ ತುತ್ತು ಇಟ್ಟ. ಕೂಗಿ ಕರೆಯಬೇಕಾದ ಮಾತು ಬಾಯಿಗೆ ಬರಲಿಲ್ಲ. ಹಿಂದೆ ನಿಂತ ಮಕ್ಕಳೇ ಅವನ ಪರವಾಗಿ ಕೂಗಿದರು.

ಆಮೇಲೆ ಎಲ್ಲರೂ ಬದುವಿನ ಮೇಲೆ ಊಟಕ್ಕೆ ಕೂತೆವು. ಕಡುಬು, ಮೊಸರನ್ನ. ಅವನು ಕಡುಬು ಮುರಿದು ಹಾಗೇ ಇಟ್ಟ.

"ಬಸಕ್ಕಾ, ಗದ್ದೆ..."

"ಉಣ್ಣುವಾಗ ವ್ಯವಹಾರ ಮಾತಾಡಬಾರದು. ಉಣ್ರಿ."

ಅಷ್ಟೇ. ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ.

ನವೆಂಬರಿನಲ್ಲಿ ಶಾಲೆ ತೆರೆಯಿತು. ಅವನು ಮಕ್ಕಳನ್ನು ಬದುವಿನ ಹತ್ತಿರಕ್ಕೂ ಬಿಡಲಿಲ್ಲ, ತಾನೂ ಹೋಗಲಿಲ್ಲ. ಕಿಟಕಿಯಿಂದಲೇ ತೋರಿಸಿ ಪಾಠ ಮಾಡುತ್ತಿದ್ದ. ತೆನೆ ಬಾಗಿತು, ಹಳದಿಯಾಯಿತು. ಅನ್ನ ಯಾವತ್ತು ಸಾರ್ ಎಂದು ಮಕ್ಕಳು ಕೇಳಿದರೆ ಮಾತು ತಿರುಗಿಸುತ್ತಿದ್ದ. ಪಾಠದ ನಡುವೆ ವರಾಂಡಕ್ಕೆ ಹೋಗಿ ಬರುತ್ತಿದ್ದ. ಕೇಳಿಬಿಡು ಎಂದರೆ, "ಬೇಡ, ಅವಳು ಹೇಳ್ಲಿ. ನಾನು ಕೇಳಿ ಕೇಳಿ ಪಡೆದದ್ದಕ್ಕೇ ಹಿಂಗಾಯ್ತು" ಎನ್ನುತ್ತಿದ್ದ. ಅಕ್ಕಪಕ್ಕದ ಗದ್ದೆಗಳಲ್ಲಿ ಕೊಯ್ಲು ಶುರುವಾದ ಮೇಲೆ ಅವನಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ.

ಡಿಸೆಂಬರಿನ ಒಂದು ಬೆಳಿಗ್ಗೆ, ಪ್ರಾರ್ಥನೆ ಮುಗಿದ ಕೂಡಲೇ ಚೌಡೇಶ್ವರಿ ಅವನ ಎದುರಿಗೆ ಬಂದು ನಿಂತಳು.

"ಸಾರ್, ನಾಳೆ ಎಷ್ಟು ಮಂದಿ ಬರ್ತೀರಿ ಅಂತ ಅಜ್ಜಿ ಕೇಳ್ಯಾಳೆ. ಕುಡುಗೋಲು ಹೊಂದಿಸಬೇಕಂತೆ."

ಅವನು ಮಕ್ಕಳ ಸಾಲನ್ನು ಎಣಿಸಿದ. ಅರ್ಧದಲ್ಲಿ ತಪ್ಪಿ ಮತ್ತೆ ಮೊದಲಿನಿಂದ ಎಣಿಸಿದ. "ಮೂವತ್ತೊಂದು" ಎಂದ. ನನ್ನ ಕಡೆ ನೋಡಿ, "ಅಲ್ಲ, ಮೂವತ್ತಮೂರು ಅಂತ ಹೇಳು" ಎಂದ.

ಮರುದಿನ ಬಸಕ್ಕ ಮೊದಲು ತಾನೊಬ್ಬಳೇ ಗದ್ದೆಗಿಳಿದು, ಜೊಳ್ಳಾಗಿದ್ದ ಆ ಹನ್ನೊಂದನ್ನು ಕೊಯ್ದು ಎತ್ತಿಗೆಂದು ಬದುವಿನ ಮೇಲೆ ಇಟ್ಟಳು. ಆಮೇಲೆ ಎಲ್ಲರನ್ನೂ ಕರೆದಳು. ಪರಮಶಿವಪ್ಪ ಕುಡುಗೋಲು ಹಿಡಿದದ್ದು ಅದೇ ಮೊದಲು.

"ತುದಿ ಅಲ್ಲ ಮೇಷ್ಟ್ರೇ, ಬುಡ ಹಿಡೀರಿ. ಇನ್ನೂ ಕೆಳಗೆ." ಬಸಕ್ಕ ಅವನ ಮಣಿಕಟ್ಟು ಹಿಡಿದು ಕೆಳಕ್ಕೆ ತಗ್ಗಿಸಿದಳು. "ನಿಮ್ಮ ಕಡಿಗೆ ಎಳ್ಕೊಳ್ರಿ. ಹಾಂ. ಮುಂದಿನ ವರ್ಷ ನೀವು ಕಲಿಸೋ ಮೊದ್ಲು ನಂಗೆ ತೋರಿಸ್ರಿ."

"ಮುಂದಿನ ವರ್ಷವಾ?" ಎಂದು ಅವನು ತಲೆ ಎತ್ತಿದ.

"ಬೆರಳು ನೋಡ್ಕೊಂಡು ಕೊಯ್ರಿ" ಎಂದಳು ಬಸಕ್ಕ. ಅವನು ಬಾಗಿದ.