ಮುಖ್ಯ ಅತಿಥಿಯ ತಾಯಿ

ನನಗೆ ಅಕ್ಷರ ಬರುವುದು ಅಷ್ಟಕ್ಕಷ್ಟೇ. ಒಂದೊಂದನ್ನೇ ಕೂಡಿಸಿ ಓದಬೇಕು. ಬಸ್ಸಿನ ಬೋರ್ಡು ಓದಿ ಮುಗಿಸುವುದರೊಳಗೆ ಬಸ್ಸೇ ಹೋಗಿರುತ್ತದೆ. ಆದರೆ ‘ಅತಿಥಿ’ ಎನ್ನುವ ಶಬ್ದ ಮಾತ್ರ ಕಂಡ ಕೂಡಲೇ ಗುರುತು ಹತ್ತುತ್ತಿತ್ತು. ನಮ್ಮೂರು ಬೆಳವಣಕಿಯ ಸಾಲಿಯಲ್ಲಿ ಬಹಳ ವರ್ಷ ಮಕ್ಕಳಿಗೆ ಬಿಸಿಯೂಟ ಬೇಯಿಸಿದವಳು ನಾನು. ವರ್ಷಕ್ಕೊಮ್ಮೆ ಗ್ಯಾದರಿಂಗ್ ಆದಾಗ ಮುಖ್ಯ ಅತಿಥಿ ಎಂದು ಯಾರಾದರೂ ಬರುತ್ತಿದ್ದರು. ಅವರಿಗೆ ದೊಡ್ಡ ಕುರ್ಚಿ, ಶಾಲು, ಹಾರ, ಗೋಡಂಬಿ ಹಾಕಿದ ಉಪ್ಪಿಟ್ಟು. ಉಳಿದವರ ಉಪ್ಪಿಟ್ಟಿಗೆ ಗೋಡಂಬಿ ಇರುತ್ತಿರಲಿಲ್ಲ. ಹೆಡ್‌ಮಾಸ್ತರರೇ ಅವರೆದುರು ಕೈಕಟ್ಟಿ ನಿಲ್ಲುತ್ತಿದ್ದರು. ಅತಿಥಿ ಎಂದರೆ ಹೆಡ್‌ಮಾಸ್ತರರಿಗಿಂತ ದೊಡ್ಡ ಹುದ್ದೆ ಎಂದು ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಮುಂದೆ ನನ್ನ ಮಗಳಿಗೆ ಬೆಂಗಳೂರಿನ ಒಂದು ಕಾಲೇಜಿನಿಂದ ಕಾಗದ ಬಂತು. ಬೆರಳಿಟ್ಟು ಓದಿದೆ. ‘ಅತಿಥಿ ಉಪನ್ಯಾಸಕಿ, ಭೂಗೋಳಶಾಸ್ತ್ರ.’ ಮೊದಲನೆಯ ಶಬ್ದವೇ ಸಾಕಾಯಿತು. ಮಗಳು, “ಯವ್ವಾ, ಅದು ಹಂಗಲ್ಲಬೇ,” ಎನ್ನುತ್ತಲೇ ಇದ್ದಳು. ನಾನು ಆಗಲೇ ಜೋಳದ ಬುಟ್ಟಿ ಹೊತ್ತು ಹಿಟ್ಟಿನ ಗಿರಣಿಯ ದಾರಿ ಹಿಡಿದಿದ್ದೆ.

“ಬರೇ ಕಲಿಸಾಕಿ ಅಲ್ಲ ನನ್ನ ಮಗಳು. ಅತಿಥಿ!”

ಗಿರಣಿಯಲ್ಲಿ ಪಾಳಿ ಹಚ್ಚಿ ನಿಂತವರಲ್ಲಿ ನನ್ನ ನೆಗೆಣ್ಣಿ, ಗಂಡನ ಅಣ್ಣನ ಹೆಂಡತಿಯೂ ಇದ್ದಳು. “ಹಂಗಾರ ದಿನಾ ಶಾಲ ಹೊದಸ್ತಾರೇನ?”

“ದಿನಾ ಯಾಕ ಹೊದಸ್ತಾರ? ಬ್ಯಾಸಿಗ್ಯಾಗ ಸೆಕಿ ಆಗೂದಿಲ್ಲೇನ?”

ಹೀಗೆ ನಾಲ್ಕು ವರ್ಷ ಊರೆಲ್ಲ ಡಂಗುರ ಹೊಡೆದೆ. ಮಗಳು ಊರಿಗೆ ಬರುವುದು ಕಡಿಮೆಯಾಗುತ್ತ ಹೋಯಿತು. ಹೋದ ವರ್ಷ ನಾಗರ ಪಂಚಮಿಗೂ ಬರಲಿಲ್ಲ. ಪಂಚಮಿಗೆ ಊರಿಗೆ ಬಾರದ ಹೆಣ್ಣುಮಗಳು ಎಂದರೆ ಏನೋ ಇದೆ ಎಂದೇ ಅರ್ಥ. ಶೇಂಗಾ ಉಂಡಿ, ಖಡಕ್ ರೊಟ್ಟಿ ಕಟ್ಟಿಕೊಂಡು ಹತ್ತಿರದ ಪೇಟೆ ರೋಣಕ್ಕೆ ಹೋಗಿ ಬೆಂಗಳೂರಿನ ಬಸ್ಸು ಹತ್ತಿದೆ.

ಮಗಳು ಇದ್ದದ್ದು ಹೆಂಗಸರಿಗೆ ಮಂಚದ ಲೆಕ್ಕದಲ್ಲಿ ಬಾಡಿಗೆ ಕೊಡುವ ಮನೆ. ಖೋಲಿಗೆ ಎರಡು ಮಂಚ. ಒಂದು ಅವಳದು, ಇನ್ನೊಂದು ಯಾರದೋ. ನಾನು ಗಂಟು ಇಳಿಸುವ ಮೊದಲೇ ಮನೆಯ ಒಡತಿ ಬಂದಳು.

“ಎಷ್ಟ್ ದಿನ ಇರ್ತೀರಮ್ಮ? ನಿಮಗೆ ಬೇರೆ ಚಾರ್ಜ್ ಆಗುತ್ತೆ. ಅಲ್ಲಿ ಬರ್ದಿದೆ ನೋಡಿ.”

ಗೋಡೆಯ ಹಲಗೆಯನ್ನು ಓದಿದೆ. ಅತಿಥಿ-ಗ-ಳಿ-ಗೆ. ದಿನಕ್ಕೆ ಮುನ್ನೂರು. ಊಟ ಬೇರೆ.

ಅವಳು ಆಚೆ ಹೋದ ಮೇಲೆ ಮಗಳಿಗೆ ಕೇಳಿದೆ, “ಇದೆಂಥಾ ಅತಿಥಿಬೇ? ಶಾಲ ಹೊದಸೂದ ಬಿಟ್ಟು ರೊಕ್ಕಾ ಕೇಳ್ತಾಳ?”

ಮಗಳು ನಕ್ಕಳು. ನಕ್ಕೂ ನಕ್ಕೂ ಮಂಚದ ಮೇಲೆ ಕೂತಳು. ಆಮೇಲೆ ನಗು ನಿಂತಿತು.

“ಯವ್ವಾ, ನಾನೂ ಇಂಥಾ ಅತಿಥೀನ. ಕಾಯಂ ಅಲ್ಲ. ತಾಸಿಗೆ ಇಷ್ಟಂತ ಕೊಡ್ತಾರ. ಕಾಲೇಜಿಗೆ ಸೂಟಿ ಬಂತಂದ್ರ ಪಗಾರ ಇಲ್ಲ. ಭೂಗೋಳ ತಗೊಳ್ಳೂ ಹುಡುಗ್ರು ಕಡಿಮಿ ಆದ್ರು, ಈ ವರ್ಷ ತಾಸೂ ಕಡಿಮಿ ಆಗ್ಯಾವು.”

ಎರಡು ದಿನ ಇದ್ದು ಎಲ್ಲ ನೋಡಿದೆ. ಪಗಾರದಲ್ಲಿ ಅರ್ಧಕ್ಕಿಂತ ಹೆಚ್ಚು ಆ ಮಂಚವೇ ನುಂಗುತ್ತಿತ್ತು. ಬಸ್ಸು ಇಳಿದ ಮೇಲಿನ ಆಟೋ ದಾರಿಯನ್ನು ನಡೆದು ದುಡ್ಡು ಉಳಿಸುತ್ತಿದ್ದಳು. ಕುಡಿಯುವ ನೀರನ್ನು ಕಾಲೇಜಿನಲ್ಲಿ ಬಾಟಲಿಗೆ ತುಂಬಿಕೊಂಡು ಬರುತ್ತಿದ್ದಳು. ನಾನು ತಂದ ರೊಟ್ಟಿಗಳನ್ನು ಎಷ್ಟು ದಿನಕ್ಕೆ ಬರುತ್ತವೆ ಎಂದು ಎಣಿಸಿಟ್ಟಳು.

“ಭೂಮಿ ಮ್ಯಾಲಿನ ಹೊಳಿ ಎಲ್ಲಾ ಬಾಯಿಪಾಠ ಅದಾವ ನಿನಗ. ಕುಡಿಯೂ ನೀರ ಮಾತ್ರ ಹೊತಗೊಂಡ ಬರ್ತಿ,” ಎಂದೆ. “ರೋಣದಾಗ ಕಾಲೇಜ ಇಲ್ಲೇನ?”

“ಐತಿ. ಕರದಾರ. ಸೋಮವಾರದೊಳಗ ಬರ್ತೀನೋ ಇಲ್ಲೋ ಹೇಳಬೇಕು. ಅಲ್ಲೂ ಅತಿಥೀನ, ಪಗಾರಾನೂ ಹೆಚ್ಚೂಕಡಿಮಿ ಇಷ್ಟ.”

“ಬಾಡಿಗಿ ಇಲ್ಲ, ನೀರಿಗೆ ನಾ ಅದೀನಿ. ಬರಾಕ ಏನ ಧಾಡಿ?”

ಅವಳು ಚಾದರ ಮಡಚಿದಳು. ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚಿದಳು.

“ಏನಂತ ಬರ್ಲಿ? ನೀ ನನ್ನ ಮುಖ್ಯ ಅತಿಥಿ ಮಾಡಿ ಕುಂದರ್ಸೀದಿ. ಹೋದ ಸಲ ಬಂದಾಗ ಗಿರಣ್ಯಾಗ ಎಲ್ಲಾರೂ ಎದ್ದು ನನಗ ಕುರ್ಚಿ ಕೊಟ್ರು. ಆ ಕುರ್ಚಿ ಬಿಟ್ಟ ಇಳಿಯಾಕ ನನಗ ಆಗವಲ್ದಬೇ.”

ಯಾರು ಏನಂದರೂ ತಿರುಗಿ ಅನ್ನುವವಳು ನಾನು. ಅವತ್ತು ಎದ್ದು ಖಾಲಿ ಗಂಟು ಕಟ್ಟಿದೆ. ಹೊರಡುವಾಗ ಮಗಳು ಒಡತಿಗೆ ಆರುನೂರು ಕೊಟ್ಟಳು. ಎಷ್ಟು ತಾಸು ನಿಂತು ಗುಡ್ಡ, ಹೊಳೆ ಎಂದು ಹೇಳಿದ ದುಡ್ಡೋ.

ಊರಿಗೆ ಬಂದ ಮರುದಿನ ಬೆಳಿಗ್ಗೆ ಗಿರಣಿಗೆ ಹೋದೆ. ಮನೆಯಲ್ಲಿ ಹಿಟ್ಟಿತ್ತು, ಆದರೂ ಎರಡು ಸೇರು ಜೋಳ ಒಯ್ದೆ. ಎಲ್ಲರೂ ಇದ್ದರು.

“ನನ್ನ ಮಗಳಿಗೆ ಶಾಲೂ ಇಲ್ಲ, ಹಾರಾನೂ ಇಲ್ರೆವಾ. ಕಳೆ ತಗ್ಯಾಕ ಹೋದ ಆಳಿನಂಗ, ಮಾಡಿದಷ್ಟ ಕೂಲಿ. ನಾ ತಿಳೀಲಾರದ ಹೇಳೀನಿ.”

ಗಿರಣಿಯ ಸಪ್ಪಳದಲ್ಲಿ ಯಾರಿಗೂ ಕೇಳಿಸಲಿಲ್ಲ. ಎರಡನೇ ಸಲ ಒದರಿ ಹೇಳಬೇಕಾಯಿತು. ತಪ್ಪನ್ನು ಎರಡೆರಡು ಸಲ ಒಪ್ಪಿಕೊಳ್ಳುವುದು ಬಲು ಹೇಸಿ ಕೆಲಸ.

ನೆಗೆಣ್ಣಿ ಬುಟ್ಟಿ ಕೆಳಗಿಟ್ಟಳು. “ಗೊತ್ತೈತಿ ತಗೋ. ನನ್ನ ಮೊಮ್ಮಗಳು ಗಜೇಂದ್ರಗಡದಾಗ ಕಾಲೇಜ ಓದತಾಳಲ್ಲ, ಅಕಿ ಯಾವಾಗೋ ಹೇಳ್ಯಾಳ. ನಿನಗ ಹೇಳಿ ಬೈಸಿಕೊಳ್ಳವ್ರ್ಯಾರು?”

“ಗೊತ್ತಿದ್ದೂ ಅಕೀಗೆ ಕುರ್ಚಿ ಯಾಕ ಕೊಟ್ರಿ ಮತ್ತ?”

“ದಿನಾ ನಿಂತ ಕಲಿಸೂ ಹುಡುಗಿ. ಕಾಲ ನೋಯ್ತಿರತಾವಂತ ಕೊಟ್ವಿ. ಅದಕೂ ನಿನ್ನ ಕೇಳಬೇಕಿತ್ತೇನ?”

ಹಿಟ್ಟು ಅಲ್ಲೇ ಬಿಟ್ಟು ಮನೆಗೆ ಬಂದು ಮಗಳಿಗೆ ಫೋನ್ ಮಾಡಿದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

“ಕುರ್ಚಿ ಕಾಲನೋವಿಗಂತ,” ಎಂದೆ. “ಇಳಿಯೂದೇನ ಬ್ಯಾಡ. ಬಂದು ಕುಂದರು.”

ಸೋಮವಾರ ಅವಳು ರೋಣದ ಕಾಲೇಜಿಗೆ ಬರುತ್ತೇನೆಂದು ಹೇಳಿದಳು. ಇಲ್ಲಿಯೂ ತಾಸಿನ ಲೆಕ್ಕವೇ, ಸೂಟಿಯಲ್ಲಿ ಪಗಾರ ಇಲ್ಲ. ಬರುವ ವರ್ಷ ಕರೆಯುತ್ತಾರೋ ಇಲ್ಲವೋ, ಅದೂ ಗೊತ್ತಿಲ್ಲ. ಆದರೆ ಮಂಚಕ್ಕೆ ಯಾರೂ ದುಡ್ಡು ಕೇಳುವುದಿಲ್ಲ.

ಮೊದಲ ದಿನ ಕಾಲೇಜಿಗೆ ಹೊರಡುವ ಮುಂಚೆ ಉಪ್ಪಿಟ್ಟು ಹಾಕಿ ಕೊಟ್ಟೆ.

“ಅತಿಥಿಗೋಳಿಗೆ ದಿನಕ್ಕ ಮುನ್ನೂರು,” ಎಂದೆ.

“ಊಟ ಸೇರಿ ಏನಬೇ?”

“ಊಟ ಬ್ಯಾರೆ.”

ನಗುತ್ತ ಉಪ್ಪಿಟ್ಟಿನಲ್ಲಿ ಬೆರಳಾಡಿಸಿದವಳು ಒಂದು ಗೋಡಂಬಿ ಎತ್ತಿ ಹಿಡಿದಳು. ತಲೆ ಎತ್ತಿ ನನ್ನ ಮುಖವನ್ನೇ ನೋಡಿದಳು.

“ಏನ ನೋಡ್ತಿ? ಬಸ್ಸ ಬರತೈತಿ, ಲಗೂ ತಿನ್ನು.”