ಕೂರಲಾರದ ಕಮಿಟಿ ಮಾವ

ಅವರ ಪಾದಗಳು ಹಿಮ್ಮಡಿಯಿಂದ ಗೆಣ್ಣಿನವರೆಗೂ ಹಳದಿ. ಅರಿಸಿನದ ವ್ಯಾಪಾರ ಅವರದು. ದಿನವೆಲ್ಲ ರಾಶಿಯ ಮೇಲೆ ಓಡಾಡಿ ಹಿಮ್ಮಡಿಯ ಬಿರುಕುಗಳಲ್ಲೆಲ್ಲ ಹುಡಿ ಇಳಿದು, ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ. ಆ ಪಾದಗಳು ಒಂದು ಕಡೆ ನೆಟ್ಟಗೆ ನಿಂತದ್ದನ್ನೂ ನಾನು ಕಂಡವಳಲ್ಲ. ನಮ್ಮ ಚಂದಕವಾಡಿಯ ಸ್ಕೂಲಿಗೆ ಬಂದರೆ ಮೇಷ್ಟ್ರು ಕುರ್ಚಿ ಸರಿಸುವರು. ಇವರು ಕುರ್ಚಿಯ ಬೆನ್ನು ಹಿಡಿದುಕೊಂಡು, ಆ ಕಾಲು ಈ ಕಾಲು ಬದಲಿಸುತ್ತ, "ಪಾಠ ನಡೀಲಿ, ನಡೀಲಿ" ಅನ್ನುವರು. ನಡೆಯುವುದಾದರೂ ಹೇಗೆ? ನಾವೆಲ್ಲ ಆ ಕಾಲುಗಳನ್ನೇ ನೋಡುತ್ತ ಕೂತಿರುತ್ತಿದ್ದೆವು.

ಶಾಲಾ ಕಮಿಟಿಯ ಮೆಂಬರು. ಸಂಬಳವಿಲ್ಲ, ಬೈಗುಳ ಮಾತ್ರ ಧಾರಾಳ. ನಮಗೆ ಸಂಬಂಧವೇನೂ ಅಲ್ಲ, ಎದುರುಮನೆಯವರು. ಬೀದಿಯ ಮಕ್ಕಳಿಗೆಲ್ಲ ಕಮಿಟಿ ಮಾವ. ಬೆಳಗಾದರೆ ಯಾರದಾದರೂ ಬಾಗಿಲಲ್ಲಿ ಹಾಜರು. "ಏನ್ಲಾ, ಮಗೀನ ಎಮ್ಮೆ ಮೇಯ್ಸಕ್ಕೆ ಕಳ್ಸ್‌ಬುಟ್ಯಾ? ಎಮ್ಮೆಗೆ ಮಗ್ಗಿ ಯೋಳ್ಕೊಡ್ತಾವ್ನಾ ಅಲ್ಲಿ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಮುಂದಿನ ಮನೆಗೆ. ಕೊಟ್ಟ ಕಾಫಿ ಜಗಲಿಯ ಮೇಲೆ ಆರುತ್ತಿತ್ತು. ನನ್ನ ಅವ್ವನಿಗೆ ಇದರಿಂದ ಬಲು ಕೋಪ.

ಆಗ ನಾಲ್ಕನೇ ಕ್ಲಾಸು ಮುಗಿದರೆ ಮುಂದಿನ ಓದಿಗೆ ಚಾಮರಾಜನಗರಕ್ಕೇ ಹೋಗಬೇಕಿತ್ತು. ಗಂಡುಹುಡುಗರಲ್ಲೇ ಹೋಗುತ್ತಿದ್ದವರು ಕೆಲವರು. ಹೆಣ್ಣುಮಕ್ಕಳು ಒಲೆಯ ಮುಂದೆ. ಮಾವ ಅಮಲ್ದಾರರ ಕಚೇರಿಗೆ, ಸ್ಕೂಲ್ ಇನ್ಸ್‌ಪೆಕ್ಟರ ಮನೆಗೆ ಅಲೆದು ಅಲೆದು, ಅವರೆಲ್ಲ ಇವರ ಕಾಟ ತಾಳಲಾರದೆ ಊರಿಗೆ ಮಿಡ್ಲ್ ಸ್ಕೂಲು ಕೊಟ್ಟರು. ಕಟ್ಟಡ ಎಲ್ಲಿದೆ ಎಂದು ಕೇಳಿದ್ದಕ್ಕೆ ಮಾವ ಈಶ್ವರನ ಗುಡಿಯ ಪೌಳಿ ತೋರಿಸಿದರು. ಗುಡಿಯ ಸುತ್ತ ಕಂಬಗಳ ಆ ಉದ್ದನೆ ಪಡಸಾಲೆಯಲ್ಲಿ ನಾವು ಓದಲು ಕೂತೆವು. ಅದಕ್ಕಿಂತ ತಂಪಾದ ಜಾಗ ಊರಿನಲ್ಲಿ ಇನ್ನೊಂದಿರಲಿಲ್ಲ.

ಮರುವರ್ಷ ನಾನು ದೊಡ್ಡವಳಾದೆ. ಹಟ್ಟಿಯಂಗಳದ ಮೂಲೆಯಲ್ಲಿ ಗರಿಯ ಗುಡ್ಲು ಹಾಕಿ ಕೂರಿಸಿದರು. ಅಲ್ಲಿಗೆ ಪೌಳಿಯ ಮಗ್ಗಿ ಕೇಳುತ್ತಿತ್ತು. ನನಗಿಂತ ದಡ್ಡರಾಗಿದ್ದವರೆಲ್ಲ ನನ್ನನ್ನು ದಾಟಿ ಮುಂದೆ ಹೋಗುತ್ತಿದ್ದಾರೆ ಎಂದು ಹೊಟ್ಟೆ ಉರಿಯುತ್ತಿತ್ತು. ತಿನ್ನಲು ಕೊಟ್ಟ ಎಳ್ಳಿನ ಚಿಗಳಿಯುಂಡೆಯನ್ನು ಹಾಗೇ ಪಕ್ಕಕ್ಕಿಡುತ್ತಿದ್ದೆ. ಒಸಗೆಯ ಶಾಸ್ತ್ರ ಮುಗಿದು ಗುಡ್ಲು ಸುಟ್ಟ ಮೇಲೆ ಅಜ್ಜಿ, ಇನ್ನು ಓದಿದ್ದು ಸಾಕು ಎಂದುಬಿಟ್ಟಳು. ಅಜ್ಜಿ ಸಾಕೆಂದರೆ ನಮ್ಮಪ್ಪ ಬಾಯಿ ಬಿಡುವವನಲ್ಲ.

ಮಾವ ಬಂದರು. ಅಜ್ಜಿ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದಳು. ನಾನು ಬಾಗಿಲ ಹಿಂದೆ.

"ದೊಡ್ಡವ್ವಾ, ಎಣ್ಣ ಯಾಕ್ ಇಸ್ಕೂಲ್ಗೆ ಕಳಿಸ್ನಿಲ್ಲ?"

"ಕುಂತ್ಕೊ, ಯೋಳ್ತೀನಿ."

"ಕೂರಕ್ಕೆ ಪುರಸೊತ್ತಿಲ್ಲ, ಯೋಳು."

"ಇಸ್ಕೂಲ್ ಇರಾದು ಗುಡೀಲಿ. ಮುಟ್ಟಾಗೋ ಎಣ್ಣ ಗುಡಿಗೆ ಎಂಗಪ್ಪ ಕಳ್ಸಾದು?"

"ಆ ದಿನ ಮನೇಲಿರ್ಲಿ ಬುಡು."

"ಮನೇಲಿದ್ರೆ ಯಾಕವ್ಳೆ ಅಂತ ಮೇಷ್ಟ್ರಿಂದ ಇಡ್ದು ಗಂಡುಮಕ್ಳಗಂಟ ತಿಳ್ಕತದೆ. ನಾಚ್ಕೆ ಆಗಲ್ವಾ ಮಗೀಗೆ? ಗುಡೀಲಿ ಇಸ್ಕೂಲ್ ಮಡುಗ್ದೋನು ನೀನೆ ಕಣಪ್ಪ. ನಾವೇನ್ ಕೇಳಿದ್ವಾ?"

ಆಗ ಮಾವ ಕೂತರು. ಜಗಲಿಯ ಅಂಚಿನಲ್ಲಿ, ಹೆಗಲ ಟವೆಲ್ಲನ್ನು ತೊಡೆಯ ಮೇಲೆ ಹಾಕಿಕೊಂಡು. ಹಳದಿ ಪಾದಗಳು ಅಲುಗಲಿಲ್ಲ. ಈ ಮನುಷ್ಯನೇ ಕೂತರೆ ನನ್ನ ಕತೆ ಮುಗಿದಂತೆ ಅನ್ನಿಸಿತು.

"ಇದು ನಂಗೆ ಒಳೀನೇ ಇಲ್ವಲ್ಲ ದೊಡ್ಡವ್ವಾ" ಎಂದರು, ಬಲು ಸಣ್ಣ ದನಿಯಲ್ಲಿ. ಆಮೇಲೆ ತಟ್ಟನೆ ಎದ್ದರು. "ಗುಡಿ ಅಲ್ದಿದ್ರೆ ಕಳುಸ್ತೀಯಾ?"

"ಗುಡಿ ಅಲ್ದಿದ್ರೆ ಕಳ್ಸನ, ಅದ್ಕೇನಂತೆ" ಎಂದಳು ಅಜ್ಜಿ, ಇವರನ್ನು ಸಾಗಹಾಕಿದರೆ ಸಾಕೆಂದು.

"ಮಾತ್ ಕೊಟ್ಟಿದ್ದೀಯ ಕಣವ್ವ."

ಮರುದಿನ ಬೆಳಿಗ್ಗೆಯೇ ಅವರ ಗೋಡೌನಿನಿಂದ ಚೀಲಗಳು ಹೊರಬಿದ್ದವು. ಅರಿಸಿನದ ಸುಗ್ಗಿಯ ಕಾಲ, ಒಳಗೆ ಸೂರು ಮುಟ್ಟುವಂತೆ ಪೇರಿಸಿದ್ದರು. ಅಷ್ಟೂ ಅವರ ಮನೆ ಸೇರಿತು. ನಡುಮನೆ, ಅಡುಗೆಮನೆ, ಮಂಚದ ಕೆಳಗೆ, ಎಲ್ಲೆಲ್ಲೂ ಚೀಲ. "ನಾ ಎಲ್ ಮಲೀಕಳ್ಳಿ?" ಎಂದು ಅವರ ಹೆಂಡತಿ ಕೂಗಿದ್ದು ನಮ್ಮ ಮನೆಗೆ ಕೇಳಿಸಿತು. "ಚೀಲದ್ ಮ್ಯಾಲೇ ಮಲೀಕೊ, ಬಣ್ಣ ಬತ್ತದೆ" ಎಂದು ಇವರು. ಆ ಸಂಜೆ ಅವರ ಮನೆಯಲ್ಲಿ ಒಲೆ ಹತ್ತಲಿಲ್ಲ. ನಮ್ಮ ಅವ್ವನೇ ಸಾರು ಮುದ್ದೆ ಕಳಿಸಿದಳು.

ಸ್ಕೂಲು ಗೋಡೌನಿಗೆ ಬಂತು. ಅಷ್ಟು ದಿನ ಪೌಳಿಯ ಹೊರಗೆ ಹೊಂಗೆಮರದಡಿ ಕೂರುತ್ತಿದ್ದ ಕೇರಿಯ ಮಕ್ಕಳೂ ಒಳಗೆ ಬಂದವು. ಮಾವ ಇದನ್ನು ಎಣಿಸಿದ್ದರೋ ಇಲ್ಲವೋ, ನನಗೆ ತಿಳಿಯದು. ಯಾರೋ ತಕರಾರು ತೆಗೆದಾಗ, "ಗೋಡೋನು ನಂದು. ನಂಗಿಲ್ದ ಮಡಿ ನಿಮ್ಗ್ಯಾಕೆ" ಎಂದು ನಡೆಯುತ್ತಲೇ ಹೇಳಿ ಹೋದರು. ಅಜ್ಜಿಯೂ ಗೊಣಗಿದಳು, ಸ್ಕೂಲಿಂದ ಬಂದವಳು ಮಿಂದೇ ಒಳಗೆ ಬರಬೇಕೆಂದಳು. ಆದರೆ ಕೊಟ್ಟ ಮಾತಿಗೆ ತಪ್ಪಲಿಲ್ಲ. ನಾನು ಅರಿಸಿನದ ಘಾಟಿಗೆ ದಿನಾ ಸೀನುತ್ತ ಓದಿದೆ, ದಿನಾ ಮಿಂದೆ.

ಲೋವರ್ ಸೆಕೆಂಡರಿ ಪಾಸಾಗಿ, ಟ್ರೈನಿಂಗ್ ಮುಗಿಸಿ, ಗುಂಡ್ಲುಪೇಟೆಯಲ್ಲಿ ಹೆಣ್ಣುಮಕ್ಕಳಿಗೆ ಪಾಠ ಹೇಳುವ ಕೆಲಸಕ್ಕೆ ಸೇರಿದೆ. ಮಾವ ಹಾಸಿಗೆ ಹಿಡಿದಿದ್ದಾರೆಂದು ತಿಳಿದಾಗ ರಜ ಹಾಕಿ, ಚಾಮರಾಜನಗರದಲ್ಲಿ ಬಸ್ಸು ಬದಲಿಸಿ, ಊರಿಗೆ ಓಡಿದೆ. ಹೊದಿಕೆಯಿಂದಾಚೆ ಪಾದಗಳು ಕಂಡವು. ಅರಿಸಿನ ಹೋಗಿಬಿಟ್ಟಿತ್ತು, ಬೆರಳುಗಳು ಮಾತ್ರ ಇನ್ನೂ ಆಡುತ್ತಿದ್ದವು. ಮಣೆ ಎಳೆದುಕೊಂಡು ಕೂತೆ.

"ಇವತ್ತು ರಜ್ವಾ ಇಸ್ಕೂಲ್ಗೆ?"

"ಇಲ್ಲ ಮಾವ. ನಿಮ್ಮನ್ನ ನೋಡನ ಅಂತ ಬಂದೆ."

"ನನ್ನೇನ್ ನೋಡೀಯೆ. ಎಣ್ಮಕ್ಳು ಕಾಯ್ಕಂಡಿರ್ತವೆ. ಏಳು ಕಣಮ್ಮಿ, ಬಸ್ ಓಯ್ತದೆ."

ಎದ್ದೆ. ಬಸ್ಸಿನಲ್ಲಿ ಅಳುತ್ತ, ಸಿಟ್ಟು ಮಾಡಿಕೊಳ್ಳುತ್ತ ಬಂದೆ. ಎರಡು ಮಾತು ಆಡಲೂ ಬಿಡಲಿಲ್ಲವಲ್ಲ ಎಂದು.

ಅವರು ತೀರಿಕೊಂಡ ಸುದ್ದಿ ನನಗೆ ಮುಟ್ಟುವಷ್ಟರಲ್ಲಿ ಮಣ್ಣೂ ಆಗಿತ್ತು. ಆ ಸಂಜೆ ಸ್ಕೂಲು ಬಿಟ್ಟ ಮೇಲೆ ರೂಮಿಗೆ ಹೋಗಲು ಮನಸ್ಸಾಗಲಿಲ್ಲ. ಕೆಲವು ದಿನದಿಂದ ಒಬ್ಬ ಹುಡುಗಿ ಬರುತ್ತಿರಲಿಲ್ಲ. ಅವಳ ಮನೆ ಹುಡುಕಿಕೊಂಡು ಹೋದೆ. ಅವಳ ತಾಯಿ ಗಾಬರಿಯಿಂದ ಚಾಪೆ ಹಾಸಿ, "ಕುಂತ್ಕಳ್ಳಿ ಟೀಚರಮ್ಮ, ಯೋಳ್ತೀನಿ" ಎಂದಳು.

"ಕೂರಕ್ಕೆ ಪುರಸೊತ್ತಿಲ್ಲ," ಎಂದೆ, "ಯೋಳಿ."